ಕೇರಳದ ಟಿಟಿಸಿ ಇಟ್ಟುಕೊಂಡು ಮಂಡ್ಯದಲ್ಲಿ ಟೀಚರ್ ಆಗೋದು ಹೇಗೆ?

ಚಂದ್ರಗಿರಿ ತೀರ, ಪಾಂಡವಪುರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಬೇಡಿ.

ನಾನು ಕಾಸರಗೋಡಿನವಳು. ಮನೆಮಾತು ಕನ್ನಡ, ಒಂದರಿಂದ ಹತ್ತರವರೆಗೆ ಓದಿದ್ದೂ ಕನ್ನಡ ಮಾಧ್ಯಮದಲ್ಲೇ. ಪ್ಲಸ್ ಟು ಮುಗಿಸಿ ಎರಡು ವರ್ಷದ ಟಿಟಿಸಿ, ಅಂದರೆ ಟೀಚರ್ ತರಬೇತಿ, ಮಾಡಿದೆ. ಇಲ್ಲಿ ಹಿಂದೆ ಟಿಸಿಎಚ್ ಅನ್ನುತ್ತಿದ್ದರಲ್ಲ, ಅದೇ. ಕೇರಳದ ಟೀಚರ್ ಅರ್ಹತಾ ಪರೀಕ್ಷೆ ಕೆ-ಟೆಟ್, ಅದರಲ್ಲಿ ಕೆಟಗರಿ ಒಂದು ಪಾಸಾಗಿದ್ದೇನೆ. ಊರಿನ ಕನ್ನಡ ಶಾಲೆಯೊಂದರಲ್ಲಿ ಆರು ವರ್ಷ ದಿನವೇತನದ ಟೀಚರ್ ಆಗಿದ್ದೆ. ಅತ್ತೆಗೆ ಸ್ಟ್ರೋಕ್ ಆದ ಮೇಲೆ ನಾವಿಬ್ಬರೂ ಮಗಳನ್ನು ಕರೆದುಕೊಂಡು ಪಾಂಡವಪುರಕ್ಕೆ ಬಂದೆವು. ಇನ್ನು ಇಲ್ಲೇ.

ಹೋದ ವಾರ ಒಂದು ಖಾಸಗಿ ಶಾಲೆಗೆ ಅರ್ಜಿ ಹಿಡಿದುಕೊಂಡು ಹೋಗಿದ್ದೆ. ಆಫೀಸಿನಲ್ಲಿದ್ದ ಮೇಡಂ ನನ್ನ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಮಾರ್ಕ್ಸ್ ಎಲ್ರೀ?" ಅಂದರು. ಕೇರಳದಲ್ಲಿ 2005ರಿಂದ ಎಸ್‌ಎಸ್‌ಎಲ್‌ಸಿಗೆ ಗ್ರೇಡ್ ಮಾತ್ರ, ಅಂಕ ಕೊಡುವುದಿಲ್ಲ ಅಂತ ಹೇಳಿದೆ. "ಮಾರ್ಕ್ಸೇ ಇಲ್ದೆ ಹೆಂಗೆ ಪಾಸ್ ಮಾಡಿದ್ರು?" ಅಂದರು. ಆಮೇಲೆ ಇಂಗ್ಲಿಷಿನಲ್ಲಿ, ನನಗೆ ಕನ್ನಡ ಮಾತಾಡಲು ಬರುತ್ತದಾ ಅಂತ ಕೇಳಿದರು. ಅಷ್ಟು ಹೊತ್ತು ನಾನು ಮಾತಾಡಿದ್ದೆಲ್ಲ ಕನ್ನಡವೇ! ನಮ್ಮ ಕಡೆಯ "ಉಂಟು", "ಎಂತ" ಕೇಳಿ ಮಲಯಾಳಿ ಅಂದುಕೊಂಡರೋ ಏನೋ. ಕೊನೆಗೆ, "ಕರ್ನಾಟಕದ ಟೀಚಿಂಗ್ ಲೈಸೆನ್ಸ್ ಮಾಡಿಸ್ಕೊಂಡು ಬನ್ನಿ, ನೋಡೋಣ" ಅಂತ ಕಳಿಸಿದರು.

ಅಂಥದ್ದೊಂದು ಲೈಸೆನ್ಸ್ ಉಂಟಾ? ಎಲ್ಲಿ ಮಾಡಿಸಬೇಕು? ನನ್ನ ಟಿಟಿಸಿ ಇಲ್ಲಿ ನಡೆಯುತ್ತದಾ, ಇಲ್ಲ ಇನ್ನೊಮ್ಮೆ ಓದಬೇಕಾ?

ಫೈಲು ನೋಡಿದವನು, ಮಂಡ್ಯ

ಮೇಡಂ, ಲೈಸೆನ್ಸ್ ಇರೋದು ಗಾಡಿ ಓಡಿಸೋಕೆ. ಪಾಠ ಮಾಡೋಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಅಂತ ಇಲ್ಲ. ಡಾಕ್ಟರಿಗೆ ಮೆಡಿಕಲ್ ಕೌನ್ಸಿಲ್, ವಕೀಲರಿಗೆ ಬಾರ್ ಕೌನ್ಸಿಲ್ ಇರೋ ಹಾಗೆ ಟೀಚರಿಗೆ ರಿಜಿಸ್ಟ್ರೇಶನ್ ನಂಬರ್ ಕೊಡೋ ಸಂಸ್ಥೆ ಇಲ್ಲ. ಇಲ್ಲದ್ದನ್ನ ಮಾಡಿಸ್ಕೊಡ್ತೀನಿ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಕೊಡಬೇಡಿ. ಕೇಳೋರು ಇದ್ದಾರೆ, ಅದಕ್ಕೇ ಹೇಳಿದೆ.

ನಾನು ಶಿಕ್ಷಣ ಇಲಾಖೆಯಲ್ಲಿ ಗುಮಾಸ್ತನಾಗಿದ್ದವನು, ಈಗ ನಿವೃತ್ತ. ನಿಮ್ಮ ಹತ್ರ ಇರೋದು ಮೂರು ಬೇರೆ ಬೇರೆ ಕಾಗದ, ಅವನ್ನ ಒಂದೇ ಗಂಟು ಕಟ್ಟಬೇಡಿ. ಮೊದಲು ಟಿಟಿಸಿ. ಆರ್‌ಟಿಇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಟೀಚರ ಕನಿಷ್ಠ ಅರ್ಹತೆ ಏನು ಅಂತ ಹೇಳೋದು ಟೀಚರ್ ಶಿಕ್ಷಣದ ಕೇಂದ್ರ ಪರಿಷತ್ತಾದ ಎನ್‌ಸಿಟಿಇ, ರಾಜ್ಯ ಅಲ್ಲ. 2010ರ ಆಗಸ್ಟ್ 23ರ ಅವರ ಅಧಿಸೂಚನೆ ತೆಗೆದು ನೋಡಿ. ಒಂದರಿಂದ ಐದಕ್ಕೆ ಪಿಯುಸಿಯಲ್ಲಿ 50 ಪರ್ಸೆಂಟು, ಜೊತೆಗೆ ಎರಡು ವರ್ಷದ ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ, "ಯಾವ ಹೆಸರಿನಿಂದ ಕರೆದರೂ ಸರಿ" ಅಂತ ಇದೆ. ಈ ನಾಲ್ಕು ಪದ ನಿಮ್ಮ ಪಾಲಿನ ಚಿನ್ನ. ನೀವು ಟಿಟಿಸಿ ಅನ್ನಿ, ನಾವು ಟಿಸಿಎಚ್ ಅನ್ನೋಣ, ಈಗಿನವರು ಡಿ.ಎಲ್.ಎಡ್ ಅನ್ನಲಿ, ಲೆಕ್ಕ ಒಂದೇ. ಇನ್ನೊಮ್ಮೆ ಓದೋ ಅಗತ್ಯ ಇಲ್ಲ.

ಒಂದು ಷರತ್ತು. ನೀವು ಓದಿದ ಸಂಸ್ಥೆಗೆ ನೀವು ಓದಿದ ವರ್ಷದಲ್ಲಿ ಎನ್‌ಸಿಟಿಇ ಮಾನ್ಯತೆ ಇರಬೇಕು. ಆ ಆದೇಶದ ಒಂದು ಜೆರಾಕ್ಸ್ ಈಗಲೇ ತರಿಸಿ ಇಟ್ಕೊಳ್ಳಿ. ನನ್ನ ಟೇಬಲ್ ಮೇಲೆ ಒಂದು ಫೈಲು ಮೂರು ಸಲ ಹೋಗಿ ಬಂತು. ಆಂಧ್ರದ ಡಿ.ಎಡ್, ಎಲ್ಲ ಸರಿ ಇತ್ತು, ಆ ಒಂದು ಹಾಳೆ ಇರಲಿಲ್ಲ. ಆ ಹೆಣ್ಣುಮಗಳು ಪ್ರತಿ ಸಲ ಬಸ್ಸಲ್ಲಿ ಬಂದು, ಬೆಂಚಿನ ಮೇಲೆ ಕೂತು, "ಸರ್, ಏನಾಯ್ತು?" ಅಂತ ಕೇಳೋರು. ಮೇಲಿನವರು ಆಕ್ಷೇಪಣೆ ಬರೆದಿದ್ದು ಎರಡೇ ಸಾಲು. ಮೊದಲನೇ ಸಲವೇ ಆ ಎರಡು ಸಾಲನ್ನ ಅವರಿಗೆ ಓದಿ ಹೇಳಬಹುದಿತ್ತು, ನಾವು ಹೇಳಲಿಲ್ಲ. ಈಗ ಹೇಳ್ತಿದೀನಿ.

ಎಸ್‌ಎಸ್‌ಎಲ್‌ಸಿ ಅಂಕದ ತಲೆನೋವು ಬಿಡಿ. ಅರ್ಹತೆಗೆ ಲೆಕ್ಕ ಹಿಡಿಯೋದು ಪಿಯುಸಿ ಅಂಕ. ನಿಮ್ಮ ಪ್ಲಸ್ ಟು ಸರ್ಟಿಫಿಕೇಟಲ್ಲಿ ಅಂಕ ಇರುತ್ತೆ.

ಚಂದ್ರಗಿರಿ ತೀರ

ತುಂಬಾ ಉಪಕಾರ ಸರ್. ಪ್ಲಸ್ ಟುವಿನಲ್ಲಿ ಅಂಕ ಉಂಟು, 50 ದಾಟಿದೆ. ಮಾನ್ಯತೆ ಆದೇಶಕ್ಕೆ ಅಣ್ಣನನ್ನು ಕಳಿಸುತ್ತೇನೆ. ಕೆ-ಟೆಟ್ ಏನು ಮಾಡಲಿ?

ಫೈಲು ನೋಡಿದವನು, ಮಂಡ್ಯ

ಅದೇ ಎರಡನೇ ಕಾಗದ. ಕೆ-ಟೆಟ್ ಮೇಲೆ ಭಾರ ಹಾಕಬೇಡಿ. 2011ರ ಫೆಬ್ರವರಿ 11ರ ಟಿಇಟಿ (ಟೀಚರ್ ಅರ್ಹತಾ ಪರೀಕ್ಷೆ) ಮಾರ್ಗಸೂಚಿಯಲ್ಲಿ ವ್ಯವಸ್ಥೆ ಹೀಗಿದೆ: ಕೇಂದ್ರೀಯ ವಿದ್ಯಾಲಯ, ನವೋದಯ ಇವಕ್ಕೆ ಕೇಂದ್ರದ ಸಿಟಿಇಟಿ. ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ಆಯಾ ರಾಜ್ಯದ ಟಿಇಟಿ. ಅನುದಾನರಹಿತ ಖಾಸಗಿ ಶಾಲೆ ಎರಡರಲ್ಲಿ ಯಾವುದನ್ನಾದರೂ ಒಪ್ಪಬಹುದು. ನೀವು ಇನ್ನು ಇಲ್ಲೇ ಇರೋರು, ನಮ್ಮ ಕೆಎಆರ್‌ಟಿಇಟಿ ಪೇಪರ್ ಒಂದು ಬರೆದುಬಿಡಿ. ಬೆಂಗಳೂರಿನ ಕೇಂದ್ರೀಕೃತ ದಾಖಲಾತಿ ಘಟಕ ನಡೆಸುತ್ತೆ. 150 ಪ್ರಶ್ನೆ, 150 ಅಂಕ, ತಪ್ಪಿಗೆ ಕಡಿತ ಇಲ್ಲ, 90 ಬಂದ್ರೆ ಪಾಸ್. ಮೊದಲ ಭಾಷೆ ಕನ್ನಡ ತಗೊಳ್ಳಿ, ನಿಮಗೆ ನೀರು ಕುಡಿದಂಗೆ. ಒಂದು ಸಲ ಪಾಸಾದ್ರೆ ಸರ್ಟಿಫಿಕೇಟು ಜೀವನಪೂರ್ತಿ. ಮೊದಲು ಏಳು ವರ್ಷ ಅಂತಿತ್ತು, 2021ರಲ್ಲಿ ಅದನ್ನ ತೆಗೆದರು.

ಸಿಟಿಇಟಿನೂ ಬರೆದಿಟ್ಟುಕೊಂಡ್ರೆ ನಷ್ಟ ಇಲ್ಲ. ಅದರಲ್ಲೂ ಕನ್ನಡ ಭಾಷೆ ಆಯ್ಕೆ ಇದೆ.

ಬನ್ನೂರ್ ಕುರಿ

ಅಕ್ಕ ಬೇಜಾರ್ ಮಾಡ್ಕೋಬ್ಯಾಡಿ, ಆದ್ರೂ ಯೋಳ್ತೀನಿ. ನಾನು ಬಿಎಸ್ಸಿ, ಬಿ.ಎಡ್ಡು. ಟಿಇಟಿ ಪೇಪರ್ ಎರಡು ಪಾಸ್ ಆಗಿ ಅಪ್ಪನ ಜತೆ ಗದ್ದೆ ಬಯಲಲ್ಲಿ ನೀರು ತಿರುಗಿಸ್ತಾ ಇವ್ನಿ. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆ ಕರೆದ್ರಲ್ಲ, ಸ್ವಲ್ಪದ್ರಲ್ಲಿ ತಪ್ಪೋಯ್ತು. ನಮ್ ಊರ್ ಹುಡುಗ್ರಿಗೇ ಇಲ್ಲ, ಹೊರ್ಗಡೆಯಿಂದ ಬಂದೋರ್ಗೆಲ್ಲ ದಾರಿ ತೋರ್ಸ್ಕೊಂಡ್ ಕೂತಿದ್ರೆ ನಾವ್ ಎಲ್ಲಿಗೋಗ್ಬೇಕು? ಕರ್ನಾಟಕದಲ್ಲಿ ಉಟ್ಟಿರೋರ್ಗೆ ಮಾತ್ರ ಅಂತ ರೂಲ್ಸ್ ಯಾಕ್ ಮಾಡಕ್ಕಿಲ್ಲ?

ನಿವೃತ್ತ ಹೆಡ್‌ಮೇಷ್ಟ್ರು, ಮೇಲುಕೋಟೆ

ಮಗು, ನಿನ್ನ ಹೊಟ್ಟೆಯುರಿ ನನಗೆ ಅರ್ಥ ಆಗುತ್ತದೆ. ಆದರೆ ಹಾಗೆ ರೂಲ್ಸ್ ಮಾಡಲು ರಾಜ್ಯಕ್ಕೆ ಅಧಿಕಾರ ಇಲ್ಲ. ಸಂವಿಧಾನದ 16ನೇ ವಿಧಿ ಹುಟ್ಟಿದ ಊರು, ವಾಸ ನೋಡಿ ಸರ್ಕಾರಿ ಕೆಲಸ ನಿರಾಕರಿಸಬಾರದು ಅನ್ನುತ್ತದೆ. ವಾಸದ ಷರತ್ತು ಹಾಕಬೇಕಾದರೆ ಪಾರ್ಲಿಮೆಂಟೇ ಕಾನೂನು ಮಾಡಬೇಕು. ಕಲ್ಯಾಣ ಕರ್ನಾಟಕದವರಿಗೆ ಕೆಲಸದಲ್ಲಿ ಸ್ಥಳೀಯ ಮೀಸಲು ಕೊಡುವ 371ಜೆ ವಿಧಿ ಬಂತಲ್ಲ, ಅದಕ್ಕೆ ಸಂವಿಧಾನವನ್ನೇ ತಿದ್ದಬೇಕಾಯಿತು.

ಇನ್ನೊಂದು ಮಾತು. ಈ ಹೆಣ್ಣುಮಗಳನ್ನು "ಹೊರಗಡೆ" ಅಂದೆಯಲ್ಲ, ಅವರ ಊರು ಹೊರಗಡೆ ಆದದ್ದು 1956ರ ನವೆಂಬರ್ 1ನೇ ತಾರೀಕು. ಅಲ್ಲಿಯವರೆಗೆ ಅದು ಮಂಗಳೂರಿನ ಜೊತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಕಪಾಟು ಸೇರಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಟಾಫ್ ರೂಮಿನಲ್ಲಿ ಇದರ ಬಗ್ಗೆ ಮೇಜು ಗುದ್ದಿ ಭಾಷಣ ಮಾಡುವ ಹಿರಿಯರಿದ್ದರು. ಕಾಸರಗೋಡು ನಮ್ಮದು ಅಂತ ಗುದ್ದುವುದು, ಅಲ್ಲಿಂದ ಬಂದವರಿಗೆ ಕನ್ನಡ ಬರುತ್ತದಾ ಅಂತ ಕೇಳುವುದು, ಎರಡೂ ಒಂದೇ ಬಾಯಲ್ಲಿ ಹೇಗೆ ಬರುತ್ತದೋ.

ಬನ್ನೂರ್ ಕುರಿ

ಸರಿ ಬುಡಿ ಸಾ. ಕಾಸರಗೋಡ್ ಬುಟ್ಟಾಕವ. ಬ್ಯಾರೆಯೋರು? ಕನ್ನಡ ಒಂದಕ್ಸರ ಬರ್ದೆ ಬಂದು ನಮ್ ಮಕ್ಳಿಗೆ ಪಾಠ ಮಾಡ್ತೀವಿ ಅಂದ್ರೆ?

ಚಂದ್ರಗಿರಿ ತೀರ

ತಮ್ಮಾ, ಬೇಜಾರಿಲ್ಲ. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅದನ್ನು ನಮ್ಮಷ್ಟು ಕೂಗಿದವರು ಬೇರೆ ಯಾರೂ ಇರಲಿಕ್ಕಿಲ್ಲ! ಕಾಸರಗೋಡಿನಲ್ಲಿ ಕೇರಳ ಪಿಎಸ್‌ಸಿ ಕನ್ನಡ ಮಾಧ್ಯಮದ ಶಾಲೆಗೆ ಅಂತಲೇ ಬೇರೆ ಹುದ್ದೆ ಕರೆಯುತ್ತದೆ. ಆದರೂ ಕೆಲವು ಸಲ ಕನ್ನಡವೇ ಬಾರದ ಟೀಚರು ಬಂದು ಕೂರುತ್ತಾರೆ. ಗಣಿತದ ಟೀಚರು ಮಲಯಾಳಂನಲ್ಲಿ ಭಿನ್ನರಾಶಿ ವಿವರಿಸುವುದು, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುವುದು. ಅಪ್ಪ ಅಮ್ಮಂದಿರು ಶಾಲೆಯ ಗೇಟಿನ ಮುಂದೆ ಧರಣಿ ಕೂತದ್ದುಂಟು. ನಾನೂ ಕೂತಿದ್ದೇನೆ. ಹಾಗಾಗಿ ಮಕ್ಕಳ ಭಾಷೆ ಬರುತ್ತದಾ ಅಂತ ಇಲ್ಲಿ ನನ್ನನ್ನು ಕೇಳಿದ್ದು ತಪ್ಪು ಅಂತ ನಾನು ಹೇಳಲಾರೆ. ಕೇಳಲಿ, ಪರೀಕ್ಷೆ ಮಾಡಲಿ. ಉತ್ತರವನ್ನೂ ಕೇಳಿಸಿಕೊಳ್ಳಲಿ ಅಂತ ಅಷ್ಟೆ.

ಗಂಗೋತ್ರಿ, ಮೈಸೂರು

ಈ ಚರ್ಚೆ ನಮ್ಮ ಮಾನಸಗಂಗೋತ್ರಿಯ ಬಾಗಿಲಲ್ಲೇ ನಡೀತಿದೆ ಅನ್ನಿಸ್ತು, ಅದಕ್ಕೆ ಬರೀತಿದೀನಿ. ಇಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, 1969ರಲ್ಲಿ ಶುರುವಾದದ್ದು. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಾಲಾ ಟೀಚರುಗಳು ಬಂದು ಹತ್ತು ತಿಂಗಳು ಇದ್ದು ಕನ್ನಡ, ತಮಿಳು, ತೆಲುಗು, ಮಲಯಾಳಂ ಕಲಿತು ಹೋಗ್ತಾರೆ. ನಮ್ಮ ಬೀದಿಯಲ್ಲಿ ಒಬ್ಬರು ಬಾಡಿಗೆಗಿದ್ದರು, ಉತ್ತರದವರು, ಐವತ್ತರ ಹತ್ತಿರದ ವಯಸ್ಸು. ಬೆಳಿಗ್ಗೆ ಹಾಲಿಗೆ ಬಂದಾಗ "ಅರ್ಧ ಲೀಟರ್ ಕೊಡಿ" ಅನ್ನೋದನ್ನ ಮನೆಯಿಂದಲೇ ಉರು ಹೊಡ್ಕೊಂಡು ಬರೋರು. ಆರನೇ ತಿಂಗಳಿಗೆ ಅಂಗಡಿಯವನ ಹತ್ರ ಚೌಕಾಸಿ ಮಾಡೋ ಮಟ್ಟಕ್ಕೆ ಬಂದಿದ್ದರು. ಅಂದರೆ ಟೀಚರಿಗೆ ಭಾಷೆ ಕಲಿಸೋ ವ್ಯವಸ್ಥೆ ಇಲ್ಲದೇ ಇಲ್ಲ. ಕೆಲಸ ಹುಡುಕಿಕೊಂಡು ರಾಜ್ಯ ದಾಟಿ ಬರೋರನ್ನ ಆ ವ್ಯವಸ್ಥೆಯ ಹತ್ರ ಕರ್ಕೊಂಡು ಹೋಗೋರು ಯಾರೂ ಇಲ್ಲ, ಅದೇ ಕೊರತೆ.

ಪಕ್ಕದಲ್ಲೇ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದ್ರೆ ಆರ್‌ಐಇ. 1963ರಿಂದ ದಕ್ಷಿಣದ ಎಲ್ಲ ರಾಜ್ಯದ ಮಕ್ಕಳು ಅಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ.ಎಡ್ ಮಾಡ್ತಾ ಬಂದಿದಾರೆ. ಡಿಗ್ರಿ ಮೈಸೂರು ವಿಶ್ವವಿದ್ಯಾಲಯದ್ದು. ತಿರುವನಂತಪುರದ ಹುಡುಗಿ ಅದನ್ನ ತಗೊಂಡು ಊರಿಗೆ ಹೋದ್ರೆ ಅವಳೂ ನಿಮ್ಮ ಥರಾನೇ ಕೆ-ಟೆಟ್ ಬರೀಬೇಕು. ಹೈಸ್ಕೂಲಿಗೂ ಬೇಕು, ಅಲ್ಲಿ ಕೆಟಗರಿ ಮೂರು ಅಂತ ಇದೆ. ನಮ್ಮಲ್ಲಿ ಹೈಸ್ಕೂಲಿಗೆ ಡಿಗ್ರಿ, ಬಿ.ಎಡ್ ಇದ್ರೆ ಆಯ್ತು, ಟಿಇಟಿ ಎಂಟನೇ ಕ್ಲಾಸಿಗೇ ನಿಲ್ಲುತ್ತೆ. ಒಂದೇ ದೇಶ, ಗಡಿ ದಾಟಿದ್ರೆ ಲೆಕ್ಕ ಬೇರೆ.

ಹೂಟಗಳ್ಳಿ ಶಿಫ್ಟು

ಇದೇ ವಿಷಯಕ್ಕೆ ಒಂದು ಡೌಟು. ನನ್ನ ಹೆಂಡತಿ ತೆಲಂಗಾಣದವರು, ಎಸ್‌ಸಿ. ನಾನು ಮೈಸೂರಿನವನು, ನಾನೂ ಎಸ್‌ಸಿ. ಅವರದು ಅಲ್ಲಿನ ಡಿ.ಎಡ್. ಇಲ್ಲಿ ಟಿಇಟಿಗೆ ಎಸ್‌ಸಿ ಅಂತ ಹಾಕಿದ್ರೆ 55 ಪರ್ಸೆಂಟು ಸಾಕು ಅಂದ್ರು. ಹಾಕಬಹುದಾ?

ಫೈಲು ನೋಡಿದವನು, ಮಂಡ್ಯ

ಹಾಕಬೇಡಿ ಸರ್, ದಯವಿಟ್ಟು. ಇದೇ ನಾನು ಹೇಳಿದ ಮೂರನೇ ಕಾಗದ, ಜಾತಿ ಸರ್ಟಿಫಿಕೇಟು, ಗಡಿ ದಾಟದ ಕಾಗದ. ಎಸ್‌ಸಿ, ಎಸ್‌ಟಿ ಪಟ್ಟಿ ರಾಜ್ಯವಾರು ಮಾಡಿರೋದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರು ಹೋದ ಕಡೆ ಮೀಸಲಾತಿ ಕೇಳೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲೇ ಹೇಳಿದೆ, 2018ರಲ್ಲಿ ಇನ್ನೊಂದು ಪೀಠ ಅದನ್ನೇ ಎತ್ತಿಹಿಡಿದಿದೆ. ಮದುವೆಯಾಗಿ ಬಂದರೂ ಅಷ್ಟೆ, ಜಾತಿ ಗಂಡನ ಕಡೆಯಿಂದ ಬರಲ್ಲ, ಹುಟ್ಟಿನಿಂದ ಬರೋದು. ನಿಮ್ಮ ಮಕ್ಕಳ ವಿಷಯ ಬೇರೆ. ನಿಮ್ಮ ಮನೆಯವರು ಸಾಮಾನ್ಯ ವರ್ಗದಲ್ಲಿ 60 ಪರ್ಸೆಂಟು ತಗೊಂಡು ಪಾಸಾಗಲಿ. 55ರಲ್ಲಿ ಪಾಸಾಗಿ, ಮೂರು ವರ್ಷ ಆದಮೇಲೆ ಸಿಂಧುತ್ವ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ಕೆಲಸ ಹೋಗೋದು ಬೇಡ. ಅಂಥದ್ದನ್ನ ನೋಡಿದೀನಿ, ಆ ದಿನ ಊಟ ಸೇರಲಿಲ್ಲ.

ಹೂಟಗಳ್ಳಿ ಶಿಫ್ಟು

ಅನ್ಯಾಯ ಅಲ್ವಾ ಸರ್ ಇದು? ಊರು ಬದಲಾದ್ರೆ ಜಾತಿ ಬಿಟ್ಟು ಹೋಗುತ್ತಾ? ಬಾಡಿಗೆ ಮನೆ ಕೇಳೋಕೆ ಹೋದ್ರೆ ಇಲ್ಲೂ ಅದನ್ನೇ ಕೇಳ್ತಾರೆ.

ನಿವೃತ್ತ ಹೆಡ್‌ಮೇಷ್ಟ್ರು, ಮೇಲುಕೋಟೆ

ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಕುವೆಂಪುನಗರ ಮಿಸ್

ನಾನು ಮೈಸೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಕೋಆರ್ಡಿನೇಟರ್. ಖಾಸಗಿಯವರ ಕಡೆಯಿಂದ ಒಂದೆರಡು ಮಾತು. ಕಾಯ್ದೆ ಪ್ರಕಾರ ನಮಗೂ ಒಂದರಿಂದ ಎಂಟರವರೆಗೆ ಟಿಇಟಿ ಇರೋ ಟೀಚರೇ ಬೇಕು. ಎಷ್ಟು ಶಾಲೆ ಪಾಲಿಸ್ತಾವೆ ಅಂತ ನನ್ನ ಬಾಯಿ ಬಿಡಿಸಬೇಡಿ. ಕಡಿಮೆ ಸಂಬಳಕ್ಕೆ ಬರೋರು ಸಿಕ್ಕಿದ್ರೆ ಯಾವ ಸರ್ಟಿಫಿಕೇಟೂ ಕೇಳಲ್ಲ, ಬೇಡ ಅನ್ನೋ ಹಾಗಿದ್ರೆ ಇಲ್ಲದ ಲೈಸೆನ್ಸೂ ಕೇಳ್ತಾರೆ. ಆ ಆಫೀಸಿನ ಮೇಡಂ ಮಾಡಿದ್ದು ಎರಡನೇದು ಅಂತ ನನ್ನ ಅನುಮಾನ.

ಪಾಂಡವಪುರದ ಮೇಡಂಗೆ ನನ್ನ ಸಲಹೆ: ಕನ್ನಡ ಟೀಚರ್ ಆಗಿ ನೋಡಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ಬಂದ ಮೇಲೆ, 2017–18ರಿಂದ ಹಂತಹಂತವಾಗಿ, ಯಾವ ಬೋರ್ಡಿನ ಶಾಲೆಯಾದ್ರೂ ಕನ್ನಡವನ್ನ ಒಂದನೇ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಮನೆಯಲ್ಲಿ ಹಿಂದಿಯೋ ಬೆಂಗಾಲಿಯೋ ಮಾತಾಡೋ ಇನ್ಫೋಸಿಸ್ ಮಕ್ಕಳಿಗೆ ಒತ್ತಕ್ಷರ ಕಲಿಸೋಕೆ ತಾಳ್ಮೆ ಇರೋರು ಬೇಕು. ಮಲಯಾಳಂ ಮಾತಾಡೋ ಊರಲ್ಲಿ ಕನ್ನಡ ಪಾಠ ಮಾಡಿ ಬಂದವರಿಗಿಂತ ಬೇಕಾ?

ಮದ್ದೂರು ಮೇಷ್ಟ್ರು

ಎಲ್ಲರೂ ಹೊರಗಿಂದ ಬರೋರ ಕಷ್ಟ ಹೇಳಿದ್ರಿ. ಒಳಗಿರೋನ ಕಷ್ಟ ನಾನು ಹೇಳ್ತೀನಿ ಕೇಳಿ. ನನ್ನದು ಟಿಸಿಎಚ್, 1998ರಲ್ಲಿ ಸರ್ಕಾರಿ ಶಾಲೆಗೆ ಸೇರಿದೆ. ಆಗ ಟಿಇಟಿ ಅನ್ನೋ ಪದವೇ ಹುಟ್ಟಿರಲಿಲ್ಲ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲರೂ ಓದಿರಬೇಕು. ಸೇವೆ ಐದು ವರ್ಷಕ್ಕಿಂತ ಜಾಸ್ತಿ ಉಳಿದಿರೋರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲದಿದ್ರೆ ಕಡ್ಡಾಯ ನಿವೃತ್ತಿ. ಐದಕ್ಕಿಂತ ಕಡಿಮೆ ಇರೋರು ಇರಬಹುದು, ಬಡ್ತಿ ಮಾತ್ರ ಇಲ್ಲ. ನನಗೆ ಇನ್ನೂ ಒಂಬತ್ತು ವರ್ಷ ಇದೆ.

ನನ್ನ ಹತ್ರ ಕಲಿತ ಹುಡುಗ ಈಗ ಟಿಇಟಿ ಕೋಚಿಂಗ್ ಸೆಂಟರ್ ಇಟ್ಟಿದಾನೆ. ಹೋದೆ. ಕೊನೇ ಬೆಂಚಲ್ಲಿ ಕೂತೆ. ಅವನು "ಸರ್ ನೀವು ಮುಂದೆ ಬನ್ನಿ" ಅಂದ. ನಾನು ಹೋಗಲಿಲ್ಲ. ಗಣಿತ, ಪರಿಸರ ಓಕೆ. ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ 30 ಪ್ರಶ್ನೆ ಇದಾವಲ್ಲ, ಅಲ್ಲಿ ಒದ್ದಾಡ್ತಿದೀನಿ. ಮಗು ಅಳ್ತಾ ಬಂದ್ರೆ ಏನು ಮಾಡಬೇಕು ಅಂತ ನನಗೆ ಗೊತ್ತು. ಪಿಯಾಜೆ ಏನಂದ ಅಂತ ನಾಲ್ಕು ಆಯ್ಕೆ ಕೊಟ್ರೆ ನಾಲ್ಕೂ ಸರಿ ಅನ್ಸುತ್ತೆ.

ಬನ್ನೂರ್ ಕುರಿ

ಸಾ ಅದ್ರಲ್ಲಿ ಒಂದ್ ಟೆಕ್ನಿಕ್ ಅದೆ. "ಮಗುವಿಗೆ ಸ್ವತಃ ಕಲಿಯಲು ಅವಕಾಶ" ಅಂತ ಯಾವ್ ಉತ್ರದಲ್ ಇರ್ತದೋ ಕಣ್ಮುಚ್ಕೊಂಡ್ ಅದ್ಕಾಕಿ. ಹತ್ತಕ್ಕೆ ಏಳು ಸರಿ ಬತ್ತದೆ.

ಫೈಲು ನೋಡಿದವನು, ಮಂಡ್ಯ

ಪಾಂಡವಪುರದ ಮೇಡಂಗೆ ಒಂದು ಮರೆತಿದ್ದೆ. ಹೆಸರು. ಅರ್ಜಿ ಹಾಕುವಾಗ ಎಸ್‌ಎಸ್‌ಎಲ್‌ಸಿಯಲ್ಲಿ ಹೇಗಿದೆಯೋ ಹಾಗೇ ಹಾಕಿ, ಇನಿಷಿಯಲ್ ಸಮೇತ. ಮದುವೆ ಆದಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿಸಿಕೊಂಡಿದ್ದರೆ ಈಗಲೇ ಸರಿ ಮಾಡಿಸಿ. ಆಯ್ಕೆ ಆದಮೇಲೆ ನೈಜತೆ ಪರಿಶೀಲನೆಗೆ ನಿಮ್ಮ ಕಾಗದ ತಿರುವನಂತಪುರದ ಪರೀಕ್ಷಾ ಭವನಕ್ಕೆ ಹೋಗಿ ಬರಬೇಕು. ಅಲ್ಲಿ ಒಂದು ಹೆಸರು, ಇಲ್ಲಿ ಒಂದು ಹೆಸರು ಆದ್ರೆ ಅಫಿಡವಿಟ್ಟು, ನೋಟರಿ ಅಂತ ಅಲೆದಾಟ. ಹಳೇ ಶಾಲೆಯ ಅನುಭವ ಪತ್ರಕ್ಕೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿಯನ್ನೂ ಹಾಕಿಸಿಕೊಂಡು ಬಂದುಬಿಡಿ. ಆಮೇಲೆ ಅಲ್ಲಿಗೆ ಹೋಗಿ ಬರೋಕೆ ಎರಡು ದಿನ ಬೇಕು.

ಚಂದ್ರಗಿರಿ ತೀರ

ಎರಡು ತಿಂಗಳಾಯಿತು ಇಲ್ಲಿ ಬರೆದು. ಎಲ್ಲರಿಗೂ ಒಂದು ವರದಿ ಒಪ್ಪಿಸಬೇಕಲ್ಲ.

ಮಾನ್ಯತೆ ಆದೇಶ ಸಿಕ್ಕಿತು, ಅಣ್ಣ ಮೂರು ಕಾಪಿ ತಂದುಕೊಟ್ಟ. ಆಧಾರ್ ಸರಿ ಮಾಡಿಸಿದೆ. ಟಿಇಟಿಗೆ ಓದುತ್ತಾ ಇದ್ದೇನೆ. ಜೂನ್‌ನಲ್ಲಿ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕರು ಬೇಕು ಅಂತ ಗೊತ್ತಾಗಿ ಹೆಡ್‌ಮಾಸ್ಟರನ್ನು ಕಂಡೆ. ಅವರು ಸರ್ಟಿಫಿಕೇಟ್ ನೋಡುವ ಮೊದಲು ಎರಡನೇ ತರಗತಿಗೆ ಕಳಿಸಿ, "ಒಂದು ಪದ್ಯ ಹೇಳಿಕೊಡಿ" ಅಂದರು. ಬಾಗಿಲ ಹತ್ತಿರ ನಿಂತು ಕೇಳಿದರು. ನನಗೆ ಅದು ಬಹಳ ಹಿಡಿಸಿತು.

ಮೊದಲ ದಿನ ಒಂದು ಪ್ರಮಾದ ಆಯಿತು. ಸ್ಲೇಟಿನಲ್ಲಿ ಬರೆಯಲು "ಯಾರ ಹತ್ತಿರ ಕಡ್ಡಿ ಉಂಟು?" ಅಂತ ಕೇಳಿದೆ. ನಮ್ಮಲ್ಲಿ ಸ್ಲೇಟು ಕಡ್ಡಿ ಅನ್ನುವುದು. ಒಬ್ಬ ಹುಡುಗ ಎದ್ದು ಓಡಿಹೋಗಿ ಪೊರಕೆಯಿಂದ ಒಂದು ಕಡ್ಡಿ ಕಿತ್ತು ತಂದುಕೊಟ್ಟ! ಯಾರಿಗೋ ಹೊಡೆಯಲು ಕೇಳಿದ್ದು ಅಂದುಕೊಂಡನಂತೆ. ಹಿಂದಿನ ಸಾಲಿನ ಹುಡುಗಿ "ಬಳ್ಪ ಕಣೋ, ಮಿಸ್ ಕೇಳಿದ್ದು ಬಳ್ಪ" ಅಂತ ಅವನಿಗೆ ಬೈದಳು. ಈಗ ನಾನೂ ಬಳಪ ಅನ್ನುತ್ತೇನೆ. ಆ ಹುಡುಗ ಮಾತ್ರ ನನ್ನನ್ನು ಕಂಡಾಗೆಲ್ಲ "ಮಿಸ್, ಕಡ್ಡಿ ಉಂಟು" ಅನ್ನುತ್ತಾನೆ.

ಮದ್ದೂರು ಮೇಷ್ಟ್ರು

ಒಳ್ಳೇದಾಯ್ತು ಟೀಚರೇ. ಒಂದು ಸಹಾಯ ಕೇಳಲಾ? ನಿಮ್ಮ ಟಿಟಿಸಿ ಕಾಲದ ಮನೋವಿಜ್ಞಾನದ ನೋಟ್ಸ್ ಇಟ್ಟಿದೀರಾ? ಪಿಯಾಜೆ, ವೈಗಾಟ್‌ಸ್ಕಿ ಇರೋ ಭಾಗ. ಮಲಯಾಳಂ ಆದ್ರೆ ಬೇಡ.

ಚಂದ್ರಗಿರಿ ತೀರ

ಕನ್ನಡದಲ್ಲೇ ಉಂಟು ಸರ್. ರಾತ್ರಿ ಫೋಟೋ ತೆಗೆದು ಕಳಿಸುತ್ತೇನೆ. ಅಕ್ಷರ ಸ್ವಲ್ಪ ಕಾಗೆ ಕಾಲು, ಗುಬ್ಬಿ ಕಾಲು.